ದ್ರಾಕ್ಷಾರಸದ ಬಹುವ್ರೀಹಿ

ಬಳ್ಳಾರಿಯ ಪೇಟೆಯಲ್ಲಾಗಲಿ, ಸಿರುಗುಪ್ಪದ ಹೆದ್ದಾರಿಯ ಬದಿಯಲ್ಲಾಗಲಿ, ಕುರುಗೋಡಿನ ದಾರಿಯಲ್ಲಾಗಲಿ ಸಂಚರಿಸುವವನ ಕಣ್ಣಿಗೆ ದಪ್ಪಕ್ಷರದ ಫಲಕವೊಂದು ಮೇಲಿಂದ ಮೇಲೆ ಬೀಳುತ್ತಿರುತ್ತದೆ. ಮೊದಲಿಗೆ ದೇವರ ಹೆಸರೋ ಮನೆತನದ ಹೆಸರೋ, ಅದರ ಬಾಲಕ್ಕೆ 'ವೈನ್ಸ್' ಎಂಬ ಪದ. ಒಳಹೊಕ್ಕು ನೋಡಿದವರು ಬಲ್ಲರು: ಅಲ್ಲಿ ವಿಸ್ಕಿಯಿದೆ, ಬ್ರಾಂದಿಯಿದೆ, ರಮ್ಮು ಬೀರುಗಳಿವೆ, ಇಲ್ಲದಿರುವುದು, ಅಥವಾ ಇದ್ದರೂ ಮೇಲಿನ ಹಲಗೆಯ ಮೂಲೆಯಲ್ಲಿ ಧೂಳು ಹೊದ್ದು ಕುಳಿತಿರುವುದು, ಯಾವ ಪದಾರ್ಥದ ಹೆಸರು ಫಲಕದ ಮೇಲೆ ವಿರಾಜಿಸುತ್ತಿದೆಯೋ ಆ ಪದಾರ್ಥ ಮಾತ್ರ. ಹೆಸರಿಗೂ ವಸ್ತುವಿಗೂ ಇಷ್ಟು ಅಂತರವಿರುವ ಅಂಗಡಿ ಬೇರೊಂದು ಇರಲಾರದು. ಆ ಅಂತರವನ್ನು ಕಂಡು ಕುತೂಹಲಗೊಂಡು, ಫಲಕದ ಮೇಲಿನ ಆ ವಸ್ತುವಿನ ಸ್ವರೂಪವೇನು, ಅದರಲ್ಲಿಯೂ ಎರಡು ಜಾತಿಯ ಹಣ್ಣುಗಳ ರಸವನ್ನು ಕೂಡಿಸಿ ಮಾಡುವ ಕೆಂಪು ಮಿಶ್ರರಸದ ಮರ್ಮವೇನು, ಅದು ನಮ್ಮ ನೆಲಕ್ಕೂ ನಮ್ಮ ಊಟಕ್ಕೂ ಹೊಂದತಕ್ಕದ್ದೇ ಎಂಬುದನ್ನು ನಿಧಾನವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ. ಕುಡಿಯದವರನ್ನು ಕುಡಿಯಿರೆಂದು ಪ್ರೇರಿಸುವುದು ಇದರ ಉದ್ದೇಶವಲ್ಲ. ದೊಡ್ಡಬಸವಣ್ಣನ ಏಕಶಿಲಾಮೂರ್ತಿ ಕಣ್ಣ ಮುಂದಿರುವ ಕುರುಗೋಡಿನವರ ಎದುರು ಅಂಥ ಸಾಹಸ ಸಲ್ಲದು.

ಹಳೆಯ ಪರಿಚಯ

ದ್ರಾಕ್ಷಾರಸವು ಫ್ರೆಂಚರು ನಮಗೆ ತಂದುಕೊಟ್ಟ ಹೊಸ ಪದಾರ್ಥವೆಂದು ಭಾವಿಸುವವರುಂಟು. ಆದರೆ ಕೌಟಿಲ್ಯನ ಅರ್ಥಶಾಸ್ತ್ರವೇ ಸುರಾಧ್ಯಕ್ಷನ ಪ್ರಕರಣದಲ್ಲಿ ಮದ್ಯಭೇದಗಳನ್ನು ಎಣಿಸುವಾಗ, ಮೃದ್ವೀಕೆ ಎಂದರೆ ದ್ರಾಕ್ಷಿ, ಅದರ ರಸಕ್ಕೆ 'ಮಧು' ಎಂಬ ಹೆಸರನ್ನು ಮೀಸಲಾಗಿಟ್ಟು, ಅದು ಬರುವ ವಾಯವ್ಯದ ದೇಶಗಳಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಬೇರೆ ಹೆಸರುಗಳೂ ಉಂಟೆಂದು ಹೇಳುತ್ತದೆ. ಇಂದು ಪ್ರದೇಶದ ಹೆಸರಿನಿಂದ ರಸವನ್ನು ಗುರುತಿಸುವ ಯುರೋಪಿನ ಪದ್ಧತಿಗೆ ಇದು ಎಷ್ಟು ಸಮೀಪವೆಂಬುದನ್ನು ಓದುಗರು ಗಮನಿಸಬೇಕು. ನಮ್ಮ ವೈದ್ಯರು ಇಂದಿಗೂ ಕೊಡುವ ದ್ರಾಕ್ಷಾಸವ ದ್ರಾಕ್ಷಾರಿಷ್ಟಗಳು ಹುಳಿಯಿಸಿದ ದ್ರಾಕ್ಷಿಯ ರಸಗಳೇ ಅಲ್ಲವೆ? ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ ಕಾಲದಲ್ಲಿ ಅವರ ಅಧಿರಾಜರಾಗಿದ್ದ ಕಲ್ಯಾಣದ ಚಾಲುಕ್ಯರ ಪೈಕಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಅಡಿಗೆಯ ವಿವರಗಳೊಡನೆ ಪಾನಗೋಷ್ಠಿಗಳ ಸಂಗತಿಯೂ ಸಂಕೋಚವಿಲ್ಲದೆ ಬಂದಿದೆ.

ಹಣ್ಣಿನ ವಿಷಯಕ್ಕೆ ಬಂದರೆ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೋ ಪಾಯೆಸ್‌ ಅಲ್ಲಿಯ ಸಂತೆಯ ಬೆಲೆಗಳನ್ನು ಲೆಕ್ಕಿಗನಂತೆ ಬರೆದಿಟ್ಟಿದ್ದಾನೆ: ದ್ರಾಕ್ಷಿ ಒಂದು ಪಣಕ್ಕೆ ಮೂರು ಗೊಂಚಲು, ದಾಳಿಂಬೆ ಪಣಕ್ಕೆ ಹತ್ತು. ಕೃಷ್ಣದೇವರಾಯನ ಕಾಲದ ಹಂಪೆಯ ಬಜಾರಿನಲ್ಲಿ ದ್ರಾಕ್ಷಿಯ ಗೊಂಚಲು ದಾಳಿಂಬೆಗಿಂತ ಮೂರುಪಟ್ಟು ತುಟ್ಟಿಯಾಗಿದ್ದಿತಾದರೂ, ಅದು ಸಂತೆಯ ಬುಟ್ಟಿಯಲ್ಲಿ ದೊರೆಯುವ ಹಣ್ಣಾಗಿದ್ದಿತೆಂಬುದು ಇದರಿಂದ ಸ್ಪಷ್ಟ. ಸುಮಾರು ಐದು ಶತಮಾನಗಳಾಚೆಗೆ ಅದೇ ಹಂಪೆಯ ಹೆಸರು ಸೀಸೆಯ ಮೇಲೆ ಅಚ್ಚಾಗುವುದೆಂದು ಪಾಯೆಸನಿಗೆ ಹೇಳಿದ್ದರೆ ಅವನು ಆಶ್ಚರ್ಯಪಡುತ್ತಿರಲಿಲ್ಲವೇನೋ. ನಮ್ಮ ಅಜ್ಜಂದಿರು ಮಾತ್ರ ನಿಸ್ಸಂಶಯವಾಗಿ ಆಶ್ಚರ್ಯಪಡುತ್ತಿದ್ದರು.

ಏಕೆಂದರೆ ಅವರು ಕಂಡದ್ದು ಬೇರೆಯೇ ಕಾಲ. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲವು ಸೇಲಂ ಜಿಲ್ಲೆಯಲ್ಲಿ ತೊಡಗಿದ ಪಾನನಿರೋಧವು 1948ರ ಹೊತ್ತಿಗೆ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. ಬಳ್ಳಾರಿ ಜಿಲ್ಲೆಯು ಆಗ ಆ ಪ್ರಾಂತದಲ್ಲಿಯೇ ಇದ್ದಿತು. 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟದ್ದು 1967ರಲ್ಲಿ. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಬಡವನ ಪಾನವೆಂದರೆ ಸಾರಾಯಿ. ಎಷ್ಟೋ ಸಂಸಾರಗಳ ಕಣ್ಣೀರನ್ನು ಕುಡಿದ ಆ ಸಾರಾಯಿಯನ್ನು ಕರ್ನಾಟಕ ಸರ್ಕಾರವು 2007ರ ಜುಲೈ 1ರಿಂದ ನಿಷೇಧಿಸಿತು. ವಿಚಿತ್ರವೆಂದರೆ, ಅದೇ 2007ರಲ್ಲಿ ಅದೇ ಸರ್ಕಾರವು ದ್ರಾಕ್ಷಿ ಬೆಳೆಗಾರರ ಹಿತವನ್ನು ಮುಂದಿಟ್ಟು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ಅದರ ಪೋಷಣೆಗೆಂದು ಒಂದು ಮಂಡಳಿಯನ್ನೂ ಸ್ಥಾಪಿಸಿತು. ಒಂದು ಕೈ ಕೊಡವನ್ನು ಬೋರಲು ಹಾಕಿತು, ಇನ್ನೊಂದು ಕೈ ಗಾಜಿನ ಬಟ್ಟಲನ್ನು ಎತ್ತಿ ಹಿಡಿಯಿತು. ಇದರ ನ್ಯಾಯಾನ್ಯಾಯವನ್ನು ರಾಜನೀತಿಜ್ಞರಿಗೆ ಬಿಟ್ಟು ನಾವು ಬಳ್ಳಿಯ ಕಡೆಗೆ ಹೋಗೋಣ.

ತುಂಗಭದ್ರೆಯ ಆಚೆ

ಕರ್ನಾಟಕದಲ್ಲಿ ಯುರೋಪಿನ ಜಾತಿಯ ದ್ರಾಕ್ಷಿಗಳಿಂದ ರಸ ಮಾಡುವ ಉದ್ಯಮಕ್ಕೆ ನಂದಿಬೆಟ್ಟದ ತಪ್ಪಲು ತವರು. ಅಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಎಂಬವರು 1980ರ ದಶಕದ ಕೊನೆಯಲ್ಲಿ ಕಟ್ಟಿದ ತೋಟಕ್ಕೆ ಮುಂದೆ ಫ್ರಾನ್ಸಿನ ಪ್ರಸಿದ್ಧ ರಸಜ್ಞ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಸೋವಿನ್ಯಾನ್ ಮತ್ತು ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳನ್ನು ಕೂಡಿಸಿ, ಓಕ್ ಮರದ ಪೀಪಾಯಿಯಲ್ಲಿ ಪಕ್ವಗೊಳಿಸಿ ಅವರು ಹೊರತಂದ 'ಲಾ ರಿಸರ್ವ್' ಭಾರತದ ಕೆಂಪು ಮಿಶ್ರರಸಗಳಲ್ಲಿ ಹಿರಿಯದೆಂಬ ಗೌರವಕ್ಕೆ ಪಾತ್ರವಾಗಿದೆ.

ನಮಗೆ ಹತ್ತಿರವಾದ ಉದಾಹರಣೆ ಬೇರೊಂದು. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಬೆಟ್ಟಗಳ ನಡುವೆ, ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿಗಳು ದ್ರಾಕ್ಷಿಯ ತೋಟವೊಂದನ್ನು ಎಬ್ಬಿಸಿ, ಅದನ್ನು 'ಹಂಪಿ ಹಿಲ್ಸ್' ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯಿಸಿದ್ದಾರೆ. ಗಂಡಹೆಂಡಿರ ಹೆಸರುಗಳ ಅಕ್ಷರಗಳನ್ನೇ ಹೆಣೆದು ಮಾಡಿದ 'ಕ್ರಿಸ್ಮಾ' ಎಂಬುದು ಆ ಸಂಸ್ಥೆಯ ಹೆಸರು. ಅಲ್ಲಿ ಬೆಳೆಯುವ ಜಾತಿಗಳಲ್ಲಿ ಫ್ರಾನ್ಸಿನ ಕ್ಯಾಬರ್ನೆ ಸೋವಿನ್ಯಾನ್ ಒಂದು, ಇಟಲಿಯ ಸಾಂಜೊವೇಜೆ ಇನ್ನೊಂದು; ಇವೆರಡನ್ನೂ ಕೂಡಿಸಿ ಮಾಡಿದ ಮಿಶ್ರರಸಕ್ಕೆ 'ಕೆ2' ಎಂದು ಹೆಸರಿಟ್ಟಿದ್ದಾರೆ. ನಮ್ಮ ಗಡಿಯಾಚೆ, ಸೋಲಾಪುರ ಜಿಲ್ಲೆಯ ಅಕಲೂಜಿನಲ್ಲಿಯೂ 'ಫ್ರತೆಲ್ಲಿ' ಎಂಬ ಸಂಸ್ಥೆ ಇದೇ ಜೋಡಿಯಿಂದ 'ಸೆತ್ತೆ' ಎಂಬ ರಸವನ್ನು ಮಾಡುತ್ತದೆ. ದಖ್ಖಣದ ಎರಡು ತೋಟಗಳು, ಒಂದನ್ನೊಂದು ಅವಲಂಬಿಸದೆ, ಇದೇ ಎರಡು ಹಣ್ಣುಗಳಿಗೆ ಗಂಟುಹಾಕಿರುವುದು ಕೇವಲ ಆಕಸ್ಮಿಕವಾಗಲಾರದು. ಅದರ ಕಾರಣವನ್ನು ತಿಳಿಯಬೇಕಾದರೆ ವಧೂವರರಿಬ್ಬರ ಗುಣಗಳನ್ನೂ ಪ್ರತ್ಯೇಕವಾಗಿ ಅರಿಯಬೇಕು.

ಎರಡು ಹಣ್ಣುಗಳು

ಕ್ಯಾಬರ್ನೆ ಸೋವಿನ್ಯಾನ್ ಫ್ರಾನ್ಸಿನ ಬೋರ್ಡೋ ಸೀಮೆಯದು. ಕ್ಯಾಬರ್ನೆ ಫ್ರಾಂಕ್ ಎಂಬ ಕಪ್ಪು ದ್ರಾಕ್ಷಿಗೂ ಸೋವಿನ್ಯಾನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಗೂ ತೋಟದಲ್ಲಿ ತಾನಾಗಿಯೇ ಆದ ಸಂಕರದಿಂದ ಅದು ಹುಟ್ಟಿತೆಂಬುದನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ವಿಜ್ಞಾನಿಗಳು 1990ರ ದಶಕದಲ್ಲಿ ಡಿಎನ್ಎ ಪರೀಕ್ಷೆಯಿಂದ ಸಿದ್ಧಪಡಿಸಿದರು. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ಆದಕಾರಣ ರಸಕ್ಕೆ ಗಾಢವಾದ ಬಣ್ಣ, ಬಲವಾದ ಒಗರು, ಬಹುವರ್ಷ ಬಾಳುವ ಶಕ್ತಿ. ಯೌವನದಲ್ಲಿ ಅದು ಗಡುಸು ಸ್ವಭಾವದ್ದು. ನಾಲ್ಕು ಜನರೊಡನೆ ಬೆರೆಯದ ವಿದ್ವಾಂಸನಂತೆ, ಘನತೆಯುಂಟು, ಸರಸವಿಲ್ಲ.

ಸಾಂಜೊವೇಜೆ ಇಟಲಿಯ ತೊಸ್ಕಾನ ಪ್ರಾಂತದ ಪ್ರಧಾನ ದ್ರಾಕ್ಷಿ. ರೋಮನರ ದೇವಾಧಿಪತಿಯಾದ ಜುಪಿಟರನ ರಕ್ತವೆಂಬುದು ಆ ಹೆಸರಿನ ಅರ್ಥವೆಂದು ಪರಂಪರೆಯ ಹೇಳಿಕೆ. ಇದರ ಬಣ್ಣ ಕ್ಯಾಬರ್ನೆಯಷ್ಟು ಗಾಢವಲ್ಲ, ಮೈ ತೆಳುವು; ಆದರೆ ಹುಳಿ ಚುರುಕು, ಚೆರಿಹಣ್ಣಿನಂಥ ಸುವಾಸನೆ, ಬಾಯಿಯಲ್ಲಿ ಲವಲವಿಕೆ. ಒಂಟಿಯಾಗಿ ಬಿಟ್ಟರೆ ಕೆಲವು ವರ್ಷಗಳಲ್ಲಿ ಇದು ಸಪ್ಪಗೆ ಇಳಿದುಬಿಡಬಹುದು, ಅಥವಾ ಹುಳಿಯೊಂದೇ ಮುಂದಾಗಿ ಉಳಿದದ್ದೆಲ್ಲ ಹಿಂದಾಗಬಹುದು.

ಈಗ ರಸ ಮಾಡುವ ಕ್ರಮ. ಕಪ್ಪು ದ್ರಾಕ್ಷಿಯನ್ನು ಹಿಸುಕಿ ನೋಡಿದರೆ ಒಳಗಿನ ರಸಕ್ಕೆ ಬಹುಮಟ್ಟಿಗೆ ಬಣ್ಣವೇ ಇಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ರಸವನ್ನು ಮಾಡುವಾಗ ಸಿಪ್ಪೆ ಬೀಜಗಳೊಡನೆಯೇ ಹುಳಿಯಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಇಡ್ಲಿಯ ಹಿಟ್ಟನ್ನು ರಾತ್ರಿ ಉಬ್ಬಿಸುವ ವ್ಯಾಪಾರಕ್ಕೆ ಇದು ದೂರದ ಸಂಬಂಧಿ. ಬಿಸಿಯೇರಿದಂತೆಲ್ಲ ಸಿಪ್ಪೆಯಿಂದ ಬಣ್ಣವೂ, ಸಿಪ್ಪೆ ಬೀಜಗಳೆರಡರಿಂದಲೂ ಟ್ಯಾನಿನ್ ಎಂಬ ದ್ರವ್ಯವೂ ರಸಕ್ಕೆ ಇಳಿಯುತ್ತವೆ. ಟ್ಯಾನಿನ್ ಎಂದರೇನೆಂದು ಅಡಿಕೆ ಅಗಿದವರಿಗೂ ನೇರಳೆಹಣ್ಣು ತಿಂದವರಿಗೂ ಬೇರೆ ವ್ಯಾಖ್ಯಾನ ಬೇಡ. ನಾಲಗೆಯನ್ನು ಹಿಡಿದೆಳೆಯುವ, ಒಸಡನ್ನು ಒಣಗಿಸುವ ಆ ಒಗರೇ ಅದು. ನಮ್ಮ ಆರು ರಸಗಳಲ್ಲಿ ಕಷಾಯವೆಂದು ಎಣಿಸಿದ್ದು ಇದನ್ನೇ. ಹುಳಿಯಿಸಿದ ರಸವನ್ನು ಸೋಸಿ, ಉತ್ತಮ ದರ್ಜೆಯದಾದರೆ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಬೋರ್ಡೋದ ಪೀಪಾಯಿಯ ಅಳತೆ 225 ಲೀಟರ್. ಮರದ ಸೂಕ್ಷ್ಮರಂಧ್ರಗಳ ಮೂಲಕ ಗಾಳಿ ಅಣು ಅಣುವಾಗಿ ತಾಗಿ ಒಗರು ಪಳಗುತ್ತದೆ.

ಸಮಾಸದ ಪಾಠ

ಬೆರಕೆ ಎಂದೊಡನೆ ನಮ್ಮ ಮನಸ್ಸು ಹಾಲಿಗೆ ನೀರು ಬೆರಸಿದವನನ್ನು ನೆನೆಯುತ್ತದೆ. ದ್ರಾಕ್ಷಾರಸದ ಮಿಶ್ರಣ ಅದಲ್ಲ. ಪ್ರತಿಯೊಂದು ಜಾತಿಯ ಹಣ್ಣನ್ನು ಅದು ಮಾಗಿದ ಕಾಲಕ್ಕೆ ಕೊಯ್ದು, ಸಾಮಾನ್ಯವಾಗಿ ಬೇರೆ ಬೇರೆಯಾಗಿ ಹುಳಿಯಿಸಿ, ಬೇರೆ ಬೇರೆಯಾಗಿ ಬೆಳೆಸಿ, ಕಡೆಗೆ ರಸಜ್ಞನಾದವನು ಅಳತೆಯ ಬಟ್ಟಲುಗಳನ್ನು ಮುಂದಿಟ್ಟುಕೊಂಡು, ಇದರ ಆರು ಪಾಲಿಗೆ ಅದರ ನಾಲ್ಕು, ಅದಾಗದಿದ್ದರೆ ಏಳಕ್ಕೆ ಮೂರು ಎಂದು ಹತ್ತಾರು ವಿಧವಾಗಿ ಬೆರಸಿ, ರುಚಿ ನೋಡಿ, ಉಗುಳಿ, ಮತ್ತೆ ಬೆರಸಿ, ಒಂದು ಪ್ರಮಾಣವನ್ನು ನಿಶ್ಚಯಿಸುತ್ತಾನೆ.

ಶಾಲೆಯಲ್ಲಿ ಕಲಿತ ಸಮಾಸಪ್ರಕರಣವನ್ನು ಇಲ್ಲಿ ನೆನೆಯುವುದು ಉಚಿತ. ಕೆರೆಯೂ ಕಟ್ಟೆಯೂ ಕೂಡಿ ಕೆರೆಕಟ್ಟೆಗಳಾದರೆ ಅದು ದ್ವಂದ್ವ. ಅಲ್ಲಿ ಎರಡು ಪದಗಳ ಅರ್ಥವೂ ಪ್ರಧಾನವಾಗಿ, ಎರಡೂ ತಮ್ಮ ತಮ್ಮ ಜಾಗದಲ್ಲಿ ಉಳಿಯುತ್ತವೆ. ಮೂರು ಕಣ್ಣುಗಳೆಂಬ ಪದಗಳು ಕೂಡಿ ಮುಕ್ಕಣ್ಣನಾದರೆ ಅದು ಬಹುವ್ರೀಹಿ. ಅಲ್ಲಿ ಮೂರೂ ಪ್ರಧಾನವಲ್ಲ, ಕಣ್ಣೂ ಪ್ರಧಾನವಲ್ಲ, ಎರಡರಿಂದಲೂ ಬೇರೆಯಾದ ಶಿವನು ಪ್ರಧಾನ. ಕೆಟ್ಟ ಮಿಶ್ರರಸವು ದ್ವಂದ್ವ ಸಮಾಸ. ಗುಟುಕಿನಲ್ಲಿ ಇದು ಕ್ಯಾಬರ್ನೆ, ಇದು ಸಾಂಜೊವೇಜೆ ಎಂದು ಎರಡೂ ಬೇರೆ ಬೇರೆ ಕೂಗುತ್ತವೆ. ಒಳ್ಳೆಯ ಮಿಶ್ರರಸವು ಬಹುವ್ರೀಹಿ; ಎರಡೂ ತಮ್ಮ ಹೆಸರನ್ನು ಮರೆಸಿ, ಯಾವುದೊಂದರಲ್ಲಿಯೂ ಮೊದಲು ಇಲ್ಲದಿದ್ದ ಮೂರನೆಯದೊಂದನ್ನು ಮುಂದೆ ನಿಲ್ಲಿಸುತ್ತವೆ. ಕ್ಯಾಬರ್ನೆಯ ಅಸ್ಥಿಪಂಜರಕ್ಕೆ ಸಾಂಜೊವೇಜೆಯ ಹುಳಿ ಜೀವ ತುಂಬುತ್ತದೆ, ಸಾಂಜೊವೇಜೆಯ ತೆಳುಮೈಗೆ ಕ್ಯಾಬರ್ನೆಯ ಒಗರು ಬೆನ್ನೆಲುಬಾಗುತ್ತದೆ.

ಈ ಜೋಡಿಯ ಇತಿಹಾಸವೂ ಸ್ವಾರಸ್ಯವಾದುದೇ. ಇಟಲಿಯ ಪ್ರಧಾನಿಯೂ ಆಗಿದ್ದ ಬಾರೋನ್ ಬೆತ್ತಿನೊ ರಿಕಾಸೊಲಿ 1872ರ ಒಂದು ಪತ್ರದಲ್ಲಿ, ಕಿಯಾಂತಿ ಎಂಬ ರಸಕ್ಕೆ ಸಾಂಜೊವೇಜೆಯೇ ಮುಖ್ಯವೆಂದೂ, ಅದರ ಗಡುಸನ್ನು ಕಳೆಯಲು ಕನಯೋಲೊ ಎಂಬ ಹಣ್ಣನ್ನೂ, ನಿತ್ಯದ ಹಗುರ ಪಾನಕ್ಕಾಗಿ ಮಲ್ವಸಿಯಾ ಎಂಬ ಬಿಳಿ ದ್ರಾಕ್ಷಿಯನ್ನೂ ಬೆರಸಬಹುದೆಂದೂ ತನ್ನ ಪ್ರಯೋಗಗಳ ಫಲವನ್ನು ಬರೆದನು. ಸಲಹೆಯಾಗಿದ್ದುದು ಬರಬರುತ್ತ ಕಾಯಿದೆಯಾಯಿತು. ಬಿಳಿಯ ದ್ರಾಕ್ಷಿ ಬೆರಸಲೇಬೇಕೆಂಬ ನಿಯಮದಿಂದ ರಸ ತೆಳುವಾಗಿ, ಕಿಯಾಂತಿಯ ಕೀರ್ತಿ ಕುಂದಿತು. ಆಗ ಫ್ಲಾರೆನ್ಸಿನ ಪ್ರಾಚೀನ ಮನೆತನವಾದ ಅಂತಿನೋರಿಯವರು 1971ರ ಫಸಲಿನಿಂದ 'ತಿನ್ಯಾನೆಲ್ಲೊ' ಎಂಬ ರಸವನ್ನು ಮಾಡತೊಡಗಿ, ಆ ದಶಕದಲ್ಲಿಯೇ ಬಿಳಿ ಹಣ್ಣನ್ನು ಬಿಟ್ಟು ಸಾಂಜೊವೇಜೆಗೆ ಕ್ಯಾಬರ್ನೆಯನ್ನು ಸೇರಿಸಿದರು. ನಿಯಮ ಮೀರಿದ ಈ ರಸಕ್ಕೆ ಸರ್ಕಾರದ ದಾಖಲೆಯಲ್ಲಿ ದೊರೆತದ್ದು ಸಾಧಾರಣ ಮೇಜಿನ ರಸವೆಂಬ ಅತ್ಯಂತ ಕೆಳಗಿನ ದರ್ಜೆ. ಲೋಕವು ಕೊಟ್ಟದ್ದು 'ಸೂಪರ್ ಟಸ್ಕನ್' ಎಂಬ ಬಿರುದು. ಕಡೆಗೆ 1992ರಲ್ಲಿ ಇಟಲಿಯು ಕಾಯಿದೆಯನ್ನೇ ತಿದ್ದಿ ಇಂಥ ರಸಗಳಿಗೆ ಹೊಸದೊಂದು ದರ್ಜೆಯನ್ನು ನಿರ್ಮಿಸಿತು. ವ್ಯಾಕರಣವನ್ನು ಮೀರಿದ ಕವಿಯ ಪ್ರಯೋಗ ಮುಂದೆ ವ್ಯಾಕರಣಕ್ಕೇ ಸೂತ್ರವಾಗುವಂತೆ ಇದು ನಡೆಯಿತು. ಆ ಸೂತ್ರದ ದಖ್ಖಣೀ ಉದಾಹರಣೆಗಳೇ ಕೆ2 ಮತ್ತು ಸೆತ್ತೆ.

ನಮ್ಮ ಬಿಸಿಲು, ನಮ್ಮ ನೆಲ

ಬೋರ್ಡೋದಲ್ಲಿ ಮಿಶ್ರಣವು ಮೊದಲಿಗೆ ರೈತನ ಜಾಣತನ. ಅಲ್ಲಿ ಬೇಗ ಮಾಗುವ ಮೆರ್ಲೊ, ತಡವಾಗಿ ಮಾಗುವ ಕ್ಯಾಬರ್ನೆ ಎರಡನ್ನೂ ಬೆಳೆದವನು, ಮಂಜು ಮಳೆಗಳಿಂದ ಒಂದು ಕೆಟ್ಟರೆ ಇನ್ನೊಂದರಿಂದ ಬದುಕುತ್ತಿದ್ದನು. ನಮ್ಮ ಕಷ್ಟ ಅದಕ್ಕೆ ವಿಪರೀತ. ಇಲ್ಲಿ ಬಿಸಿಲಿನ ಕೊರತೆಯೆಂಬುದಿಲ್ಲ. ಸಕ್ಕರೆ ಬೇಗ ಏರುತ್ತದೆ, ಕಾವಿಗೆ ಹಣ್ಣಿನ ಹುಳಿ ಕರಗಿಹೋಗುತ್ತದೆ, ಹುಳಿಯಿಲ್ಲದ ರಸವು ತಾಳವಿಲ್ಲದ ಹಾಡಿನಂತೆ ಜೋಲುತ್ತದೆ. ಇಂಥ ನೆಲದಲ್ಲಿ ಸ್ವಭಾವತಃ ಹುಳಿಯನ್ನು ಹಿಡಿದಿಟ್ಟುಕೊಳ್ಳುವ ಸಾಂಜೊವೇಜೆ ಕ್ಯಾಬರ್ನೆಗೆ ಜೊತೆಯಾಗುವುದು ಏಕೆ ಯುಕ್ತವೆಂಬುದು ಈಗ ವಿದಿತವಾಯಿತಷ್ಟೆ.

ಇನ್ನೊಂದು ಭೇದವೂ ಉಂಟು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವಿಜಯಪುರ ಬಾಗಲಕೋಟೆಗಳ ಕಡೆಯ ರೈತರು 'ಚಾಟ್ನಿ' ಎಂದು ಕರೆಯುವ ಸವರುವಿಕೆಯನ್ನು ವರ್ಷಕ್ಕೆ ಎರಡು ಬಾರಿ ಮಾಡುತ್ತಾರೆ: ಏಪ್ರಿಲಿನ ಸುಮಾರಿಗೆ ಮಾಡುವ ಚಾಟ್ನಿ ಬಳ್ಳಿಯ ಕಡ್ಡಿಯನ್ನು ಬೆಳೆಸುವುದಕ್ಕೆ, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನ ಸುಮಾರಿಗೆ ಮಾಡುವುದು ಹಣ್ಣಿಗೆ. ಹೀಗಾಗಿ ಬೋರ್ಡೋದವರು ಸೆಪ್ಟೆಂಬರಿನ ಹೊತ್ತಿಗೆ ಕೊಯ್ಯುವ ಹಣ್ಣನ್ನು ನಾವು ಶಿವರಾತ್ರಿಯ ಆಸುಪಾಸಿನಲ್ಲಿ, ಬೇಸಗೆಯ ಉರಿ ಏರುವ ಮೊದಲೇ ಕೊಯ್ಯುತ್ತೇವೆ.

ಹಾಗಾದರೆ ಈಚೆಯ ದಡದ ನಮ್ಮ ನೆಲಕ್ಕೆ ಈ ಬಳ್ಳಿ ಒಗ್ಗುವುದೆ? ದ್ರಾಕ್ಷಿಯ ಬಳ್ಳಿಗೆ ಬೇಕಾದದ್ದು ಬೇರು ನೆನೆದು ಕೂರದ, ನೀರು ಬಸಿದುಹೋಗುವ ಬಡನೆಲ; ಸಮೃದ್ಧಿ ಹೆಚ್ಚಾದರೆ ಎಲೆಯೇ ಹೆಚ್ಚಾಗಿ ಹಣ್ಣಿನ ಸತ್ವ ಕುಂದುತ್ತದೆ. ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ಹರಿಯತೊಡಗಿದಂದಿನಿಂದ ಸಿರುಗುಪ್ಪದ ಸೀಮೆ ಬತ್ತದ ಕಣಜವಾಗಿದೆ. ಕಾಲುವೆಯ ನೀರು ನಿಲ್ಲುವ ಆ ಎರೆನೆಲದಲ್ಲಿ ದ್ರಾಕ್ಷಿಯ ಬಳ್ಳಿಯನ್ನು ನೆಡುವವನು ಬತ್ತಕ್ಕೂ ಅನ್ಯಾಯ ಮಾಡಿದಂತೆ, ಬಳ್ಳಿಗೂ ಅನ್ಯಾಯ ಮಾಡಿದಂತೆ. ಕುರುಗೋಡಿನ ಬೆಟ್ಟಗಳ ತಪ್ಪಲಿನ ಮಸಾರಿಯ ಸಂಗತಿ ಬೇರೆ. ಕಲ್ಲುಹರಳು ಬೆರೆತ, ಇಳಿಜಾರಿನಲ್ಲಿ ನೀರು ಓಡಿಹೋಗುವ ಅಂಥ ಕೆಂಪುನೆಲವೇ ಬಳ್ಳಿಗೆ ಪ್ರಿಯವಾದುದು. ಅಂಜೂರ ದಾಳಿಂಬೆಗಳನ್ನು ಬೆಳೆದು ಹೆಸರಾದ ನಮ್ಮ ಜಿಲ್ಲೆಯ ತೋಟಗಾರನಿಗೆ ಹನಿನೀರಾವರಿಯಾಗಲಿ, ಸವರುವ ಕತ್ತರಿಯಾಗಲಿ ಹೊಸದಲ್ಲ. ಆದರೆ ಬಳ್ಳಿಗೆ ಚಪ್ಪರವೋ ತಂತಿಯೋ ಬೇಕು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು, ಕೊಯ್ದ ಹಣ್ಣನ್ನು ಅದೇ ದಿನ ಕೊಳ್ಳುವ ರಸಶಾಲೆ ಹತ್ತಿರವಿರಬೇಕು. ಇವಿಲ್ಲದೆ ಕೇವಲ ಮಣ್ಣನ್ನು ನಂಬಿ ಇಳಿದವನು ಕೈಸುಟ್ಟುಕೊಳ್ಳುವುದು ನಿಶ್ಚಯ.

ಊಟದ ಎಲೆಯ ಮುಂದೆ

ಈ ರಸವನ್ನು ಬರಿಹೊಟ್ಟೆಯಲ್ಲಿ ಕುಡಿಯುವುದಕ್ಕಲ್ಲ, ಊಟದೊಡನೆ ಗುಟುಕರಿಸುವುದಕ್ಕೆ ಮಾಡಿದ್ದಾರೆ. ನಮ್ಮ ಬಳ್ಳಾರಿಯ ಊಟಕ್ಕೆ ಇದು ಹೊಂದುವುದೆ ಎಂದು ಕೇಳಿದರೆ, ಕೆಲವಕ್ಕೆ ಚೆನ್ನಾಗಿ ಹೊಂದುತ್ತದೆ, ಕೆಲವಕ್ಕೆ ಬದ್ಧವೈರ ಎನ್ನಬೇಕು. ಅದರ ಕಾರಣಗಳು ಸರಳವಾಗಿವೆ.

ಒಗರು ನಾಲಗೆಯನ್ನು ಹಿಡಿಯುವುದು ಜೊಲ್ಲಿನಲ್ಲಿರುವ ಪ್ರೋಟೀನನ್ನು ಅದು ಕಟ್ಟಿಹಾಕುವುದರಿಂದ. ಬಾಯಿಯಲ್ಲಿ ಮಾಂಸದ ಪ್ರೋಟೀನೂ ಕೊಬ್ಬೂ ಮೊದಲೇ ಇದ್ದರೆ ಒಗರು ಅವುಗಳೊಡನೆ ಸೆಣಸಿ, ನಾಲಗೆಯನ್ನು ಬಿಟ್ಟುಬಿಡುತ್ತದೆ. ಆದಕಾರಣ ನಿಧಾನವಾಗಿ ಬೆಂದ ಕುರಿಮಾಂಸಕ್ಕೆ, ಅದರಲ್ಲಿಯೂ ಸಾರಿಗಿಂತ ಹುರಿದು ಮಾಡಿದ್ದಕ್ಕೆ, ಇಂಥ ಕೆಂಪುರಸ ಉತ್ತಮ ಸಂಗಾತಿ. ಶಾಕಾಹಾರಿಗಳೂ ನಿರಾಶರಾಗಬೇಕಿಲ್ಲ. ಜೋಳದ ರೊಟ್ಟಿಯೊಡನೆ ಬರುವ ಎಣ್ಣೆಗಾಯಿ ಬದನೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳುಗಳ ಜಿಡ್ಡುಂಟು, ಹುಣಿಸೆಯ ಹುಳಿಯುಂಟು, ಉಪ್ಪುಂಟು. ಜಿಡ್ಡಿಗೆ ಕ್ಯಾಬರ್ನೆಯ ಒಗರೂ ಹುಣಿಸೆಗೆ ಸಾಂಜೊವೇಜೆಯ ಹುಳಿಯೂ ಸರಿಜೋಡಿ. ತೊಸ್ಕಾನದವರು ಟೊಮಾಟೊ ಹಾಕಿದ ಅಡಿಗೆಗೆ ಸಾಂಜೊವೇಜೆಯನ್ನು ಹುಡುಕುವುದು ಇದೇ ನ್ಯಾಯದಿಂದ: ಊಟದ ಹುಳಿಗಿಂತ ರಸದ ಹುಳಿ ಕಡಮೆಯಾದರೆ ರಸ ಸಪ್ಪೆಯೆನಿಸುತ್ತದೆ. ಪುಂಡಿಪಲ್ಯದ ಹುಳಿಯಾದರೋ ಎಂಥ ರಸವನ್ನೂ ಮೀರಿಸುವಂಥದು. ಅದನ್ನು ರೊಟ್ಟಿಯೊಡನೆ ಅದರ ಪಾಡಿಗೆ ಬಿಡುವುದೇ ಲೇಸು.

ವೈರವಿರುವುದು ಖಾರಕ್ಕೆ. ಸಂಜೆಯ ಒಗ್ಗರಣೆ ಮಂಡಕ್ಕಿ, ಅದರ ಮಗ್ಗುಲಿಗೆ ಮಿರ್ಚಿ, ಇದು ಬಳ್ಳಾರಿಯ ಬೀದಿಬೀದಿಯ ವೈಭವ. ಆದರೆ ಮೆಣಸಿನಕಾಯಿಯ ಉರಿಯನ್ನು ಮದ್ಯಸಾರವು ಆರಿಸುವುದಿಲ್ಲ, ಹೆಚ್ಚಿಸುತ್ತದೆ, ಒಗರು ಆ ಉರಿಗೆ ಕಹಿಯನ್ನೂ ಸೇರಿಸುತ್ತದೆ. ಮಿರ್ಚಿಗೆ ಚಹವೇ ಸರಿ. ಹೋಳಿಗೆಯಂಥ ಸಿಹಿಯೂ ಇದಕ್ಕೆ ಒಗ್ಗದು; ಸಕ್ಕರೆಯ ಮುಂದೆ ಸಿಹಿಯಿಲ್ಲದ ರಸ ಬರಿಯ ಹುಳಿನೀರಾಗಿ ತೋರುತ್ತದೆ.

ಉಷ್ಣತೆಯ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಮೋಸಹೋಗುತ್ತಾರೆ. ಕೆಂಪುರಸವನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಪುಸ್ತಕಗಳು ಹೇಳುತ್ತವೆ. ಆ ಕೋಣೆ ಯುರೋಪಿನ ಕಲ್ಲುಮನೆಯದು, 16ರಿಂದ 18 ಡಿಗ್ರಿಯದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯದಲ್ಲ. ನಮ್ಮ ಕೋಣೆಯಲ್ಲಿಟ್ಟ ಸೀಸೆಯಿಂದ ಬಗ್ಗಿಸಿದರೆ ಮೂಗಿಗೆ ಬರುವುದು ಹಣ್ಣಿನ ವಾಸನೆಯಲ್ಲ, ಮದ್ಯಸಾರದ ಘಾಟು. ಆದ್ದರಿಂದ ಸೀಸೆಯನ್ನು ಅರ್ಧ ಗಂಟೆಗೂ ಮಿಕ್ಕಿ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಅಪರಾಧವಲ್ಲ, ಅಗತ್ಯ. ಅಂಗಡಿಯ ಮೇಲಿನ ಹಲಗೆಯಲ್ಲಿ ಎರಡು ಬೇಸಗೆಗಳನ್ನು ಕಂಡ ಸೀಸೆಯನ್ನು ಕೊಳ್ಳದಿರುವುದು ಅದಕ್ಕಿಂತಲೂ ಅಗತ್ಯ.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕಗಳೆಂದು ಮೂರು ಬಗೆ ಹೇಳಿದರು. ಬಾಯಿಗಿಟ್ಟೊಡನೆ ರಸ ಕೊಡುವುದು ದ್ರಾಕ್ಷಾಪಾಕ, ಸಿಪ್ಪೆ ಕರಟಗಳನ್ನು ಒಡೆದವನಿಗೇ ಸಿಕ್ಕುವುದು ನಾರಿಕೇಳಪಾಕ. ದ್ರಾಕ್ಷಿಯಿಂದಲೇ ಹುಟ್ಟಿದರೂ ಈ ಕೆಂಪುರಸದ ಪಾಕ ಮಾತ್ರ ನಾರಿಕೇಳದ್ದು. 'ಪೋರ್ಟ್' ಎಂಬ ಸಿಹಿಯಾದ ದ್ರಾಕ್ಷಾರಸಕ್ಕೆ ಒಗ್ಗಿದ ನಾಲಗೆಗೆ ಮೊದಲ ಗುಟುಕು ಹುಳಿ, ಒಗರು, ಕಹಿ. ಅದರ ಸಾರಸ್ಯ ತಿಳಿಯುವುದು ಗಾಳಿ ತಾಗಿಸಿ, ಮೂಸಿ, ತುತ್ತಿನೊಡನೆ ಕೂಡಿಸಿ, ನಿಧಾನಿಸಿದವನಿಗೆ.

ಮಿತಿಯ ಮಾತು

ದ್ರಾಕ್ಷಾರಸವು ಹಣ್ಣಿನ ರಸ ತಾನೆ, ಹೃದಯಕ್ಕೆ ಹಿತ ತಾನೆ ಎಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ಲೆಕ್ಕವನ್ನು ನೋಡೋಣ. ಇಂಥ ಕೆಂಪುರಸದಲ್ಲಿ ಮದ್ಯಸಾರದ ಪ್ರಮಾಣ ನೂರಕ್ಕೆ 13-14. 750 ಮಿಲಿಲೀಟರಿನ ಸೀಸೆಯಿಂದ ಐದು ಬಟ್ಟಲು ಸುರಿದರೆ ಒಂದೊಂದರಲ್ಲಿ 150 ಮಿಲಿಲೀಟರ್ ರಸ, ಅದರಲ್ಲಿ ಸುಮಾರು 20 ಮಿಲಿಲೀಟರ್ ಶುದ್ಧ ಮದ್ಯಸಾರ. ನೂರಕ್ಕೆ 42.8ರಷ್ಟು ಮದ್ಯಸಾರವುಳ್ಳ ವಿಸ್ಕಿಯ 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿರುವುದು ಸುಮಾರು 13 ಮಿಲಿಲೀಟರ್. ಹಣ್ಣಿನ ರಸವೆಂದು ಸಮಾಧಾನಪಟ್ಟುಕೊಂಡು ಒಂದು ಬಟ್ಟಲು ಕುಡಿದವನು ಒಂದೂವರೆ ಪೆಗ್ಗು ಕುಡಿದಂತಾಯಿತು. ಆರೋಗ್ಯಕ್ಕೆ ನಿರಪಾಯಕರವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿದೆ. ಔಷಧವೆಂಬ ನೆಪದಿಂದ ಇದನ್ನು ತೊಡಗಬೇಕಾದ ಕಾರಣ ಯಾರಿಗೂ ಇಲ್ಲ. ಕುಡಿಯದವರು ಕುಡಿಯದೆ ಇರುವುದೇ ಸರಿ. ಕುಡಿಯುವವರು ಊಟದೊಡನೆ, ಅಪರೂಪಕ್ಕೆ, ಒಂದು ಬಟ್ಟಲಿಗೆ ನಿಲ್ಲಿಸಿ, ಆ ಸಂಜೆ ವಾಹನದ ಚುಕ್ಕಾಣಿಯನ್ನು ಬೇರೆಯವರ ಕೈಗೆ ಕೊಡತಕ್ಕದ್ದು.

ಸೀಸೆಯೊಳಗಿನ ಬಹುವ್ರೀಹಿಯ ಸೊಗಸು ಉಳಿಯುವುದು ಆ ಮಿತಿಯೊಳಗೆ ಮಾತ್ರ. ಅದನ್ನು ಮೀರಿದವನಿಗೂ ವ್ಯಾಕರಣದಲ್ಲಿ ಒಂದು ಸಮಾಸವುಂಟು: ಪಾನದಿಂದ ಮತ್ತನಾದವನು ಪಾನಮತ್ತ, ಅದು ತತ್ಪುರುಷ.